ಮುಳ್ಳು ಒತ್ತಿದ ಗಾಳ

ನಮ್ಮ ಮನೆಯಲ್ಲಿ ಮೀನಿನ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ತಿಕೋಟಾದ ನನ್ನ ಗಂಡನ ಮನೆಯೂ, ಮಮದಾಪುರದ ನನ್ನ ತವರೂ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಗಳು. ತತ್ತಿ ತಿನ್ನುವವರ ಮನೆಯಲ್ಲಿ ನಮ್ಮತ್ತೆ ನೀರು ಕೂಡ ಕುಡಿಯುತ್ತಿರಲಿಲ್ಲ. ಅಂಥವರ ಸೊಸೆಯಾದ ನಾನು ಎರಡು ವರ್ಷ ಮೀನಿನ ಗಾಳಕ್ಕೆ ದಾರದ ನುಸಿ ಕಟ್ಟಿದೆ. ಈ ವಯಸ್ಸಿನಲ್ಲಿ ಯಾರಾದರೂ ಅದನ್ನು ಎತ್ತಿ ಆಡಿದರೆ, ಕಟ್ಟಿದೆ, ಏನೀಗ ಎನ್ನುತ್ತೇನೆ.

ನನ್ನ ಗಂಡ ಮಿಲಿಟರಿಯಲ್ಲಿದ್ದರು. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಕಾಶ್ಮೀರದಿಂದ ಮನೆಗೆ ಬಂದರು. ಬಲಗೈಯ ಮೂರು ಬೆರಳಿನ ತುದಿಗಳು ಹಿಮಕ್ಕೆ ಸತ್ತುಹೋಗಿ, ಡಾಕ್ಟರರು ಅವನ್ನು ಕತ್ತರಿಸಿದ್ದರು. ಬೆರಳು ಹೋದದ್ದಕ್ಕೆ ಊರು ಅತ್ತಿತು, ನಾನೂ ಅತ್ತೆ. ಆದರೆ ಹೋದದ್ದು ಬೆರಳಷ್ಟೇ ಅಲ್ಲ ಅಂತ ತಿಳಿಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಅವರು ಮಾತಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತರೆ ಕೂತೇ ಇರುತ್ತಿದ್ದರು. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಮರೆತುಬಿಡುತ್ತಿದ್ದರು. ನಿದ್ದೆ ಅನ್ನುವುದು ಇರಲೇ ಇಲ್ಲ. ಅತ್ತೆ ತೋಳಿಗೆ ಅಂತ್ರ ಕಟ್ಟಿಸಿದರು, ಹರಕೆ ಹೊತ್ತರು. ವಿಜಾಪುರದ ಡಾಕ್ಟರರು ಗುಳಿಗೆ ಕೊಟ್ಟು, ಮನುಷ್ಯ ಗಟ್ಟಿ ಇದ್ದಾನೆ, ಸರಿಹೋಗುತ್ತಾನೆ ಎಂದರು. ಹಿಂಗೇ ಬಿಟ್ಟರೆ ಈ ಮನುಷ್ಯ ಒಂದು ದಿನ ನಮ್ಮ ಬಾವಿಯಲ್ಲೇ ಸಿಗುತ್ತಾನೆ ಅನ್ನುವ ಹೆದರಿಕೆ ನನಗಿತ್ತು. ಹಗ್ಗ ತಕ್ಕೊಂಡು ನೀರಿಗೆ ಹೋದಾಗಲೆಲ್ಲ ಮೊದಲು ಬಾವಿಯೊಳಗೆ ಬಗ್ಗಿ ನೋಡುತ್ತಿದ್ದೆ.

ನನ್ನ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಮಮದಾಪುರಕ್ಕೆ ಹೋದೆವು. ಬಬಲೇಶ್ವರ ದಾಟಿದರೆ ನಮ್ಮೂರು. ಊರಿಗೆ ಬಾದಶಹರ ಕಾಲದ ದೊಡ್ಡ ಕೆರೆಯಿದೆ. ಮನೆ ತುಂಬ ಜನ, ಗದ್ದಲ, ಅವರಿಗೆ ತಡೆಯಲಾಗಲಿಲ್ಲ. ಸಂಜೆ ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋದೆ. ನೀರಿನ ಮೇಲೆ ನುಸಿ ಏಳುತ್ತಿತ್ತು, ಹೊಗೆ ಎದ್ದಂತೆ. ಕೆಳಗೆ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಬಳೆಯಂಥ ತೆರೆ ಮೂಡಿ ಮಾಯವಾಗುತ್ತಿತ್ತು. ಅದನ್ನು ಹುಟ್ಟಿದಾಗಿನಿಂದ ನೋಡಿದ್ದೆ, ಏನು ಅಂತ ಒಮ್ಮೆಯೂ ಕೇಳಿರಲಿಲ್ಲ. ಅವರು ನಿಂತುಬಿಟ್ಟರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಉದ್ದನೆಯ ಮಾತು ಬಂತು.

“ಅಲ್ಲೆ ಗುಡ್ಡದ ಮ್ಯಾಲೂ ಕೆರಿ ಅದಾವ. ಹಿಂಗ ಸಂಜಿಮುಂದ ನುಸಿ ಏಳ್ತಾವ. ಟ್ರೌಟ್ ಅಂತ ಮೀನಾ, ಮೈತುಂಬ ಚುಕ್ಕಿ. ನಮ್ಮ ಸಾಹೇಬ್ರು ದಾರದ್ದೊಂದು ನುಸಿ ಮಾಡಿ ಹಿಡೀತಿದ್ರು.”

ಅವತ್ತು ಅವರು ಹೇಳಿದ್ದೆಲ್ಲ ನನಗೆ ನೆನಪಿದೆ, ಯಾಕೆಂದರೆ ನಾನು ಮಾತನ್ನಷ್ಟೇ ಕೇಳುತ್ತಿರಲಿಲ್ಲ, ದನಿಯನ್ನೂ ಕೇಳುತ್ತಿದ್ದೆ. ಕೆರೆಯ ತಳದ ಕೆಸರಿನಲ್ಲಿ ನೂಲಿನಂಥ ಹುಳು ಇರುತ್ತದಂತೆ. ಹೊತ್ತು ಮುಳುಗುವಾಗ ಅದು ಮೇಲಕ್ಕೆ ಬಂದು, ನೀರಿನ ಪೊರೆಗೆ ನೇತುಬಿದ್ದು, ಸಿಪ್ಪೆ ಒಡೆದು ನುಸಿಯಾಗಿ ಹಾರುತ್ತದಂತೆ. ಹಾಗೆ ನೇತುಬಿದ್ದ ಗಳಿಗೆಯಲ್ಲೇ ಮೀನು ಅದನ್ನು ತಿನ್ನುವುದು, ಆ ಬಳೆ ಮೂಡುವುದು ಆಗಲೇ. ಸಾಹೇಬರ ಜೊತೆ ಸಾಮಾನು ಹೊತ್ತುಕೊಂಡು ಹೋಗಿ ಹೋಗಿ ಇವರೂ ಕಲಿತಿದ್ದರು. ಬೀಳ್ಕೊಡುವಾಗ ಸಾಹೇಬರು ಒಂದು ತಗಡಿನ ಡಬ್ಬಿ ತುಂಬ ಸಣ್ಣ ಸಣ್ಣ ಗಾಳ ಕೊಟ್ಟಿದ್ದರು. ಡಬ್ಬಿ ತಿಕೋಟಾದ ಟ್ರಂಕಿನಲ್ಲಿತ್ತು. ಅಂಗಿಯ ಗುಂಡಿ ಅಂದುಕೊಂಡು ನಾನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ.

ತಿಕೋಟಾಕ್ಕೆ ಮರಳಿದ ಮೇಲೆ ಡಬ್ಬಿ ತಂದು ನನ್ನ ಮುಂದಿಟ್ಟು, ಮೊಂಡು ಬೆರಳು ತೋರಿಸಿ, “ನಿನಗ ಕೌದಿ ಹೊಲಿಯಾಕ ಬರ್ತೈತಿ. ಇದು ಬರೂದಿಲ್ಲೇನ?” ಅಂದರು.

ಬಂತು, ಆದರೆ ಲಗೂನೆ ಬರಲಿಲ್ಲ. ಗಾಳ ಅಂದರೆ ಅಕ್ಕಿಕಾಳಿನಷ್ಟು ಉದ್ದ. ಅದನ್ನು ಇಕ್ಕಳದಲ್ಲಿ ಕಚ್ಚಿಸಿ, ಇಕ್ಕಳದ ಹಿಡಿಕೆಗೆ ರಬ್ಬರು ಸುತ್ತಿ, ಮೊಣಕಾಲಿನ ನಡುವೆ ಇಟ್ಟುಕೊಂಡು ಕಟ್ಟಬೇಕು. ಮೊದಲು ಕರಿ ದಾರ. ಅದರ ಮೇಲೆ ದೂರ ದೂರ ಸುತ್ತಿ ಬರುವಂತೆ ಒಂದು ಎಳೆ ಬೆಳ್ಳಿ ಜರಿ. ಅದನ್ನು ನನ್ನ ಮದುವೆಯ ಸೀರೆಯ ಸೆರಗಿನಿಂದ ಬಿಚ್ಚಿದೆ. ತಲೆಯ ಹತ್ತಿರ ಚೂರೇ ಚೂರು ಕುರಿಯ ಬಿಳಿ ಉಣ್ಣೆ, ಆ ಹುಳುವಿಗೆ ಉಸಿರಾಡಲು ತಲೆಯ ಮೇಲೆ ಇರುವ ತುಪ್ಪಟದಂತೆ. ಮೊದಲನೆಯದನ್ನು ಅಂಗೈಯಲ್ಲಿಟ್ಟು ನೋಡಿ, “ಇದು ನುಸಿ ಅಲ್ಲ, ಎಮ್ಮಿ ಐತಿ” ಅಂದರು. ಎಮ್ಮೆ ಅಂದದ್ದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದರೆ, ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಕೊನೆಯ ಕೆಲಸವೇ ಮುಖ್ಯ. ಗಾಳದ ಮೊನೆಯ ಒಳಗಡೆ ಒಂದು ಹಿಮ್ಮುಳ್ಳು ಇರುತ್ತದೆ. ಒಮ್ಮೆ ಚುಚ್ಚಿದರೆ ಅದು ಗಾಳವನ್ನು ಹಿಂದಕ್ಕೆ ಬರಗೊಡುವುದಿಲ್ಲ. ಆ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಬೇಕು. ಆಗ ಮೀನಿನ ಬಾಯಿ ಹರಿಯದೆ ಗಾಳ ಜಾರಿ ಹೊರಗೆ ಬರುತ್ತದೆ. ಒತ್ತದೆ ಇರುವ ಒಂದು ಗಾಳವನ್ನೂ ಅವರು ಮುಟ್ಟುತ್ತಿರಲಿಲ್ಲ.

ಗಾಳ ಕಟ್ಟುವ ಹುರಿಗೆ ಕುದುರೆಯ ಬಾಲದ ಕೂದಲು ಬೇಕು ಅಂದರು. ಗೋಳಗುಮ್ಮಟದ ಎದುರಿನ ಟಾಂಗಾದವರನ್ನು ಕೇಳಿ ತಂದೆವು. ಬಿಳಿ ಕುದುರೆಯ ಯಜಮಾನ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಮಾಟಕ್ಕೆ ಒಯ್ಯುವುದಿದ್ದರೆ ಕೊಡುವುದಿಲ್ಲ ಎಂದ. ಮೀನಿಗೆ ಎಂದರೆ ಇನ್ನೂ ಅನುಮಾನ ಪಟ್ಟ. ಕೂದಲು ಹೊಸೆದು, ಜೇನುಮೇಣ ಸವರಿ, ಉದ್ದನೆಯ ಬಿದಿರಿಗೆ ಕಟ್ಟಿಕೊಂಡರು.

ಮತ್ತೆ ಮಮದಾಪುರಕ್ಕೆ ಹೋದ ಮೊದಲ ಸಂಜೆ ನಾನು ಏರಿಯ ಮೇಲೆ ಕೂತು ನೋಡಿದೆ. ಬಿದಿರು ಬೀಸಿ ನುಸಿಯನ್ನು ನೀರಿನ ಮೇಲೆ ಇಟ್ಟರು, ಎಸೆದರು ಅನ್ನಲಾರೆ. ಆಮೇಲೆ ಎಳೆಯಲಿಲ್ಲ, ಅಲ್ಲಾಡಿಸಲಿಲ್ಲ, ಸುಮ್ಮನೆ ನಿಂತರು. ಹುರಿ ತುಸು ಬಿಗಿಯಾಯಿತು. ಅಂಗೈಯುದ್ದದ ಬೆಳ್ಳನೆಯ ಮೀನು ಬಂತು. ನೀರಿನಲ್ಲೇ ಅದನ್ನು ಎಡಗೈಯಲ್ಲಿ ಹಿಡಿದು, ಮೊಂಡು ಬೆರಳಿನಿಂದ ಗಾಳ ಜಾರಿಸಿ, ಕೈ ತೆರೆದರು. ಅದು ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಹೋಯಿತು. ಯಾಕೆ ಹಿಡಿಯಬೇಕು, ಯಾಕೆ ಬಿಡಬೇಕು ಅಂತ ಕೇಳಿದೆ. ಬಿದಿರು ಕೆಳಗಿಟ್ಟು ಹೇಳಿದರು. ಹಿಮ ಕುಸಿದು ಗುಡ್ಡದ ಮೇಲಿನ ಅವರ ಮಿಲಿಟರಿ ಠಾಣೆ ಮುಚ್ಚಿಹೋದಾಗ, ಹಿಮದೊಳಗೆ ಹೂತ ಜೊತೆಯವನೊಬ್ಬನ ಕೈ ಇವರಿಗೆ ಸಿಕ್ಕಿತ್ತು. ಬೆಳಗಾಗುವ ತನಕ ಆ ಕೈಯನ್ನು ಹಿಡಿದುಕೊಂಡೇ ಇದ್ದರು. ಬೆರಳು ಹೋದದ್ದು ಹಾಗೆ. ಬಂದವರು ಕೈ ಬಿಡಿಸಿದಾಗ ಅವನು ಯಾವಾಗಲೋ ಸತ್ತಿದ್ದ.

“ಇವು ಕೈ ಬಿಟ್ಟ ಮ್ಯಾಲೂ ಜೀವಂತ ಹೋಗ್ತಾವ. ಅದನ್ನ ನೋಡಾಕ ಹಿಡಿತೀನಿ” ಅಂದರು.

ನಾವು ತಿಕೋಟಾಕ್ಕೆ ಮರಳುವಷ್ಟರಲ್ಲಿ ಸುದ್ದಿ ಮುಟ್ಟಿತ್ತು, ಅತ್ತೆ ಕುದ್ದುಹೋಗಿದ್ದರು. ತಿನ್ನುವುದಿಲ್ಲ, ಬಿಟ್ಟುಬಿಡುತ್ತಾರೆ ಅಂದರೆ, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ, ತಿನ್ನುವವರೇ ಮೇಲು ಎಂದರು. ಮೀನು ಮುಟ್ಟಿದ ಕೈ ಅಡುಗೆಮನೆಗೆ ಬರಕೂಡದು ಎಂದಾಗ ಮಾತ್ರ ನನಗೆ ಸಿಟ್ಟು ನೆತ್ತಿಗೇರಿತು. ಹಾಸಿಗೆ ಸುತ್ತಿಕೊಂಡು ವಿಜಾಪುರದ ಬಸ್ಸು ಹತ್ತಿ, ಅಲ್ಲಿಂದ ಬಬಲೇಶ್ವರ, ಅಲ್ಲಿಂದ ಎತ್ತಿನ ಗಾಡಿ ಮಾಡಿಕೊಂಡು ತವರಿಗೆ ಬಂದೆವು. ನಮ್ಮಪ್ಪ ಹಿತ್ತಲಿನ ಕೋಣೆ ಬಿಟ್ಟುಕೊಟ್ಟ. ಒಲೆ ಬೇರೆ ಹೂಡಿದೆ. ಮನೆಅಳಿಯ ಅಂತ ಊರು ನಕ್ಕಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅವರು ದಿನಾ ಸಂಜೆ ಕೆರೆಗೆ ಹೋದರು, ಬಂದು ಎರಡು ರೊಟ್ಟಿ ತಿಂದರು, ಮಲಗಿದರೆ ಗೊರಕೆ ಹೊಡೆದರು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಅಂತ ನನ್ನ ಜೊತೆ ಜಗಳ ತೆಗೆದರು. ನನ್ನ ಸಂಸಾರದಲ್ಲಿ ಸುಖ ಅಂತ ಕರೆಯುವುದಿದ್ದರೆ ಆ ದಿನಗಳನ್ನೇ ಕರೆಯಬೇಕು.

ಆಮೇಲೆ ಎಪ್ಪತ್ತೆರಡರ ಬರ ಬಂತು.

ಕೆರೆ ದಿನದಿನಕ್ಕೆ ಹಿಂದೆ ಸರಿಯಿತು. ಬಲೆ ಹಾಕುವವರು ದೊಡ್ಡ ಮೀನನ್ನೆಲ್ಲ ಬಳಿದುಕೊಂಡು ಹೊಳೆಯ ಕಡೆ ಹೋದರು. ನಡುವೆ ಒಂದು ಮಡು ಉಳಿಯಿತು, ಅದರ ಸುತ್ತ ಕೆಸರಿನ ಹುದುಲು. ನೀರಿಗೆ ಹೋದ ಎಮ್ಮೆಯೊಂದು ಅದರಲ್ಲಿ ಸಿಕ್ಕು ಸತ್ತಮೇಲೆ ಯಾರೂ ಇಳಿಯುತ್ತಿರಲಿಲ್ಲ. ಹಳೆಯ ಕಲ್ಲಿನ ಮೆಟ್ಟಿಲ ತುದಿಯಿಂದ ಇವರ ಬಿದಿರಿಗೆ ಮಾತ್ರ ಆ ಮಡು ನಿಲುಕುತ್ತಿತ್ತು. ಏರಿಯ ಆಚೆ ಬರಗಾಲದ ಕಾಮಗಾರಿ ಶುರುವಾಗಿತ್ತು. ಎಲ್ಲೆಲ್ಲಿಂದಲೋ ಬಂದ ಜನ ಕಲ್ಲು ಒಡೆದು, ಮಣ್ಣು ಹೊತ್ತು, ಸಂಜೆ ಕೆಂಪು ಜೋಳದ ಗಂಜಿ ಕುಡಿಯುತ್ತಿದ್ದರು. ಅವರು ನೋಡುತ್ತಿರುವಾಗಲೇ ನನ್ನ ಗಂಡ ಮೀನು ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದರು. ಅವರು ನೋಡುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಇವರಿಗೆ ಗೊತ್ತಿರಲಿಲ್ಲ, ನೀರು ಬಿಟ್ಟು ಇವರು ಬೇರೇನನ್ನೂ ನೋಡುತ್ತಿರಲಿಲ್ಲ.

ಒಂದು ಸಂಜೆ ಒಬ್ಬಾಕೆ ಮೆಟ್ಟಿಲ ಹತ್ತಿರ ಬಂದು ನಿಂತಳು. ಹೊಳೆಸಾಲಿನ ಕಡೆಯವಳು, ಮೂರು ಮಕ್ಕಳ ತಾಯಿ. ನಡುವಿನ ಹುಡುಗಿಯನ್ನು ಬಗಲಲ್ಲಿ ಎತ್ತಿಕೊಂಡಿದ್ದಳು. ಎತ್ತಿಕೊಳ್ಳುವ ವಯಸ್ಸಿನ ಹುಡುಗಿಯಲ್ಲ, ಆದರೆ ಅದರ ಪಾದಗಳು ಹಸಿವಿಗೆ ಊದಿದ್ದವು. ಇವರು ಆಗಷ್ಟೇ ಒಂದು ಮೀನು ಬಿಟ್ಟಿದ್ದರು.

“ಯಪ್ಪಾ, ನೀವು ತಿನ್ನೂದಿಲ್ಲಂದ್ರ ನಮಗರ ಕೊಡ್ರಿ. ನೀರಿಗ್ಯಾಕ ಉಣಸ್ತೀರಿ?” ಅಂದಳು.

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಡುವುದೂ ಇರಲಿಲ್ಲ. ಹಾಗಾಗಿಯೇ ನನಗೆ ಅವಳ ಮೇಲೆ ಕೆಂಡದಂಥ ಕೋಪ ಬಂತು. ಮನೆಗೆ ಬಾ, ಜೋಳ ಕೊಡುತ್ತೇನೆ ಎಂದೆ. ಕೊಟ್ಟೆ ಕೂಡ. ಆದರೆ ನಮ್ಮಪ್ಪ ಜೋಳ ತುಂಬಿಟ್ಟ ಹಗೇವಿನ ತಳ ಕಾಣುತ್ತಿತ್ತು. ಎಷ್ಟು ಮಂದಿಗೆ, ಎಷ್ಟು ದಿನ? ಅವತ್ತು ಇವರು ಅಲ್ಲೇ ಮತ್ತೆ ಬಿದಿರು ಬೀಸಿದರು. ಬಂದ ಮೀನನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತು, ಅವಳ ಕೈಗೆ ಕೊಟ್ಟರು. ಅವಳು ಅಲ್ಲೇ ಮೆಟ್ಟಿಲಿಗೆ ಅದರ ತಲೆ ಬಡಿದಳು. ಅದು ಅವಳಿಗೆ ಕಾಯಿ ಒಡೆದಷ್ಟು ಸಹಜ. ನಾನು ನನ್ನ ಗಂಡನ ಮುಖ ನೋಡಿದೆ. ಠಾಣೆಯಿಂದ ಬಂದ ಹೊಸದರಲ್ಲಿ ಇದ್ದ ಮುಖ ಅದು.

ಒಂದೆರಡು ದಿನ ಹಾಗೆ ನಡೆಯಿತು. ಮುಳ್ಳಿಲ್ಲದ ಗಾಳ, ನೀರಿನಿಂದ ಎತ್ತಿ ಮೆಟ್ಟಿಲಿಗೆ ತರುವಷ್ಟರಲ್ಲಿ ಅರ್ಧಕ್ಕರ್ಧ ಮೀನು ಜಾರಿ ಹೋಗುತ್ತಿದ್ದವು. ಮೂರನೆಯ ದಿನ ಊಟಕ್ಕೆ ಕೂತವರು, ನಾಳೆಯಿಂದ ಮುಳ್ಳು ಒತ್ತಬೇಡ ಎಂದರು. ನಾನು ಜಗಳಕ್ಕೆ ಬಿದ್ದೆ. ಸರಕಾರ ಗಂಜಿ ಕೊಡುತ್ತಿದೆ, ಜಗತ್ತಿನ ಹಸಿವೆಲ್ಲ ನಿಮ್ಮೊಬ್ಬರ ತಲೆಯ ಮೇಲಿಲ್ಲ, ಇದನ್ನು ಮಾಡಿದರೆ ನೀವು ಉಳಿಯುವುದಿಲ್ಲ ಅಂತ ಬಾಯಿಬಿಟ್ಟೇ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

“ಆ ಹುಡುಗಿ ಕಾಲ ನೋಡಿದೇನ?”

ನೋಡಿದ್ದೆ. ಅವತ್ತಿನಿಂದ ಮುಳ್ಳು ಒತ್ತಲಿಲ್ಲ.

ಆಮೇಲಿನದು ಮೀನು ಹಿಡಿಯುವ ಆಟವಲ್ಲ, ಕೂಲಿ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಹೋದರು. ಮಡು ಸಣ್ಣದಾದಷ್ಟೂ ನುಸಿ ದಟ್ಟವಾಯಿತು, ಮೀನು ದಟ್ಟವಾಯಿತು. ಮುಳ್ಳು ಬಿಡಿಸುವಾಗ ಮೀನಿನ ಬಾಯಿ ಹರಿದು ಅವರ ಅಂಗೈ ಕೆಂಪಾಗುತ್ತಿತ್ತು. ಮೆಟ್ಟಿಲಿನ ಮೇಲೆ ಹೆಂಗಸರು ಸೆರಗು ಒಡ್ಡಿಕೊಂಡು ಕೂತಿರುತ್ತಿದ್ದರು. ಒಬ್ಬರಿಗೂ ಇಲ್ಲ ಅನ್ನಲಿಲ್ಲ. ಮನೆಗೆ ಬಂದು ಕೈ ತೊಳೆದರು, ಮತ್ತೆ ತೊಳೆದರು. ರೊಟ್ಟಿ ಹಾಗೇ ಉಳಿಯಿತು. ಗೊರಕೆ ನಿಂತಿತು. ನಾನು ಕತ್ತಲಲ್ಲಿ ಅವರ ಉಸಿರು ಕೇಳುತ್ತ ಮಲಗುತ್ತಿದ್ದೆ, ತಿಕೋಟಾದಲ್ಲಿ ಮಲಗುತ್ತಿದ್ದಂತೆಯೇ.

ಕೊನೆಗೆ ಹುದುಲು ಒಣಗಿ ಗಟ್ಟಿಯಾಯಿತು. ಜನ ನಡೆದುಕೊಂಡೇ ಹೋಗಿ ಉಳಿದ ಮೀನನ್ನು ಬುಟ್ಟಿಯಲ್ಲಿ ಬಾಚಿಕೊಂಡರು. ಕಾಮಗಾರಿ ಬೇರೆ ಊರಿಗೆ ಹೋಯಿತು. ಹೋಗುವ ದಿನ ಆ ಹೆಂಗಸು ನಮ್ಮ ಹಿತ್ತಲಿಗೆ ಬಂದು ಇವರ ಕಾಲಿಗೆ ಹಣೆ ಹಚ್ಚಲು ಬಗ್ಗಿದಳು. ಇವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅವಳ ಮೂರೂ ಮಕ್ಕಳು ತಮ್ಮ ಕಾಲ ಮೇಲೆ ತಾವು ನಡೆದುಕೊಂಡು ಹೋದವು, ಆ ಹುಡುಗಿಯೂ. ಅವು ಬದುಕಿದ್ದು ನನಗೆ ಸಂತೋಷವೇ. ಆದರೆ ಅವತ್ತು ಅವರ ಬೆನ್ನು ನೋಡುತ್ತ ನಿಂತಾಗ ನನ್ನ ಎದೆಯಲ್ಲಿದ್ದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ನಿನ್ನ ಮೂವರೂ ನಿನಗೆ ಉಳಿದರು, ನನಗಿದ್ದವನು ಒಬ್ಬನೇ ಅಂತ.

ಮುಂದಿನ ವರ್ಷ ಮಳೆಯಾಯಿತು. ಕೆರೆಗೆ ನೀರು ಬಂತು. ನುಸಿಯೂ ಬಂತು, ಮೊದಲಿನಂತೆಯೇ ಹೊಗೆಯಾಗಿ ಎದ್ದಿತು. ನಾನು ಹೊಸದೊಂದು ನುಸಿ ಕಟ್ಟಿ, ಬಿದಿರು ಒರೆಸಿ, ಅವರನ್ನು ಬಲವಂತದಿಂದ ಎಬ್ಬಿಸಿಕೊಂಡು ಹೋದೆ. ಹೊತ್ತು ಮುಳುಗುವ ತನಕ ಏರಿಯ ಮೇಲೆ ಕೂತೆವು. ನೀರಿನಲ್ಲಿ ಒಂದೇ ಒಂದು ಬಳೆ ಮೂಡಲಿಲ್ಲ. ತಿನ್ನುವವರಿಲ್ಲದ ನುಸಿ ನಮ್ಮ ಕಣ್ಣು ಮೂಗಿಗೆ ಮುತ್ತಿತು. ಅವರು ಬಿದಿರಿಗೆ ಸುತ್ತಿದ ಹುರಿ ಬಿಚ್ಚಲೇ ಇಲ್ಲ. ಎದ್ದು ಮನೆಗೆ ಬಂದರು. ಆಮೇಲೆ ಆ ಕಡೆ ಹೋಗಲಿಲ್ಲ, ಹೆಚ್ಚು ಕಮ್ಮಿ ಕೋಣೆ ಬಿಟ್ಟೇ ಹೊರಗೆ ಬರಲಿಲ್ಲ.

ಚಳಿಗಾಲದಲ್ಲಿ ಜ್ವರ ಬಂತು, ಜ್ವರ ಎದೆಗೆ ಇಳಿಯಿತು. ವಿಜಾಪುರದ ಆಸ್ಪತ್ರೆಗೆ ಒಯ್ದೆವು. ಅತ್ತೆ ತಿಕೋಟಾದಿಂದ ಬಂದು, ಮೀನು ಮುಟ್ಟಿದ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು, ಬಿಡಲೇ ಇಲ್ಲ. ಆಗ ಅವರ ಮೇಲಿದ್ದ ನನ್ನ ಸಿಟ್ಟು ಹೋಯಿತು. ಎರಡನೆಯ ದಿನ ಮಧ್ಯಾಹ್ನ ಇವರು ಕಣ್ಣು ತೆರೆದು ನನ್ನ ಕಡೆ ನೋಡಿದರು. ಗುರುತು ಸಿಕ್ಕಿತ್ತು, ಅದರಲ್ಲಿ ಅನುಮಾನವಿಲ್ಲ.

“ಮುಳ್ಳ ಒತ್ತಿದೇನ?” ಅಂದರು.

“ಒತ್ತೀನ್ರಿ” ಅಂದೆ.

“ಎಲ್ಲಾನೂ?”

“ಎಲ್ಲಾನೂ ಒತ್ತೀನಿ.”

ತಲೆ ಆಡಿಸಿ ಕಣ್ಣು ಮುಚ್ಚಿದರು. ಸಂಜೆಯೊಳಗೆ ಎಲ್ಲ ಮುಗಿಯಿತು. ತಿಕೋಟಾದ ಹೊಲದಲ್ಲಿ ಮಣ್ಣು ಮಾಡಿದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಮಮದಾಪುರಕ್ಕೆ ಬಂದೆ. ಡಬ್ಬಿ ಗೋಡೆಯ ಗೂಡಿನಲ್ಲೇ ಇತ್ತು. ಬರದ ವರ್ಷ ಕಟ್ಟಿದ ನುಸಿಗಳು ಅದರಲ್ಲಿ ಉಳಿದಿದ್ದವು, ಒಂದರ ಮುಳ್ಳನ್ನೂ ನಾನು ಒತ್ತಿರಲಿಲ್ಲ. ಹಿತ್ತಲಿನ ಬಿಸಿಲಿನಲ್ಲಿ ಕೂತು ಇಕ್ಕಳ ತಕ್ಕೊಂಡೆ. ಡಬ್ಬಿಯಿಂದ ಒಂದೊಂದೇ ಗಾಳ ತೆಗೆದು ಮುಳ್ಳು ಒತ್ತುತ್ತ ಹೋದೆ. ಒಳಗಿನಿಂದ ಅವ್ವ ಊಟಕ್ಕೆ ಕರೆದಳು. ಇನ್ನೂ ಸ್ವಲ್ಪ ಕೆಲಸ ಇದೆ ಎಂದೆ.