‘ಎಲ್ರೂ ಆರಾಮ್’ ಅಂದ ಎನರೆಸಿ ಅಜ್ಜಿ

ಎನರೆಸಿ ಅಜ್ಜಿನ ನೀವು ನೋಡಿಲ್ವಲ್ಲ, ನನಗದೇ ಬೇಜಾರು. ಇಡೀ ಜಿಂಬಾಬ್ವೆಲಿ ಅವಳಷ್ಟು ನಗಿಸೋರು ಇನ್ನೊಬ್ರು ಸಿಗಲ್ಲ, ಬೇಕಾದ್ರೆ ಬೆಟ್ ಕಟ್ತೀನಿ. ನಗಿಸೋದು ಎಲ್ಲಿ ಗೊತ್ತಾ? ಸಾವಿನ ಮನೇಲಿ! ಹೆಣ ಇನ್ನೂ ಅಡಿಗೆ ಗುಡಿಸಲಲ್ಲೇ ಇರುತ್ತೆ, ಹೆಂಗಸ್ರು ಗೋಳೋ ಅಂತಿರ್ತಾರೆ, ಇವಳು ಸತ್ತೋನ ಕೋಟು ಹಾಕ್ಕೊಂಡು ಬಂದ್ಬಿಡ್ತಾಳೆ. ಸತ್ತೋನ ಥರಾನೇ ನಡಿಗೆ, ಅವನ ಥರಾನೇ ಕೆಮ್ಮು, ಅವನ ಥರಾನೇ ಬೈಗುಳ. ಒಂದ್ಸಲ ಒಬ್ಬ ಜಿಪುಣ ಸತ್ತಿದ್ದ. ಇವಳು ಅವನ ಟೋಪಿ ಹಾಕ್ಕೊಂಡು, ಬಂದೋರ ತಟ್ಟೆಯಿಂದ ಒಂದೊಂದೇ ಮಾಂಸದ ಚೂರು ವಾಪಸ್ ಪಾತ್ರೆಗೆ ಹಾಕ್ತಾ ಹೋದ್ಲು. ಅವನ ಹೆಂಡ್ತಿನೇ ನಕ್ಕು ನಕ್ಕು ಚಾಪೆ ಮೇಲೆ ಉರುಳಿಬಿಟ್ಳು.

ಇದೇನು ಹುಚ್ಚಾಟ ಅನ್ಕೋಬೇಡಿ. ಅವಳು ಸಹ್ವಿರ. ನಮ್ಮ ಬುಹೆರಾ ಕಡೆ ಒಂದೊಂದು ಮನೆತನಕ್ಕೆ ಇನ್ನೊಂದು ಮನೆತನ ಸಹ್ವಿರ ಅಂತ ಇರುತ್ತೆ. ಮುತ್ತಜ್ಜನ ಕಾಲದ ಗೆಳೆತನ, ರಕ್ತಕ್ಕಿಂತ ಗಟ್ಟಿ. ಆ ಮನೆತನದಲ್ಲಿ ಯಾರಾದ್ರೂ ಸತ್ರೆ ಹೀಗೆ ನಗಿಸಿ ಕಳ್ಸೋದೂ ಸಹ್ವಿರನ ಕೆಲಸವೇ. ಸಹ್ವಿರ ಬಂದು ನಿಮ್ಮ ಕೋಳಿ ಹಿಡ್ಕೊಂಡು ಹೋದ್ರೂ ಸರಿ, ನೆಂಟರ ಮುಂದೆ ನಿಮ್ಮ ಮಾನ ಹರಾಜು ಹಾಕಿದ್ರೂ ಸರಿ, ನೀವು ನಗಬೇಕು ಅಷ್ಟೆ. ಕೋಪ ಮಾಡ್ಕೊಳ್ಳೋ ಹಾಗೇ ಇಲ್ಲ. ಕೋಪ ಮಾಡ್ಕೊಂಡ್ರೆ ಸತ್ತ ಹಿರೀಕರು ಮುನಿಸ್ಕೋತಾರೆ ಅಂತ ನಂಬಿಕೆ.

ಅಜ್ಜಿ ಯಾರಿಗೆ ಸಹ್ವಿರ ಅಂದ್ರೆ ಹಮಂದಿಶೆ ಮನೆತನಕ್ಕೆ. ಹಮಂದಿಶೆ ನಮ್ಮೂರಲ್ಲಿ ಹುಲ್ಲಿನ ಚಾವಣಿ ಹೊದಿಸೋನು. ಉದ್ದಕ್ಕೆ, ಒಣಕಲು, ಮಾತಾಡೋ ಮುಂಚೆ ಎರಡ್ಸಲ ಗಂಟಲು ಸರಿ ಮಾಡ್ಕೊಳ್ಳೋ ಆಸಾಮಿ. ಅವರಿಬ್ರೂ ಎದುರಾದ್ರೆ ದಾರೀಲಿ ಹೋಗೋರೆಲ್ಲ ನಿಂತ್ಬಿಡ್ತಿದ್ರು.

"ಏನ್ ಮುದುಕಿ, ಇನ್ನೂ ಸತ್ತಿಲ್ವಾ?"

"ನಿನ್ನ ಹೂತು ಆಮೇಲೆ ಸಾಯ್ತೀನಿ ಕಣೋ ಬೊಂಬು. ನಿನ್ನ ಉದ್ದಕ್ಕೆ ಗುಂಡಿ ತೋಡೋರ ಸೊಂಟ ಮುರೀತದೆ ಅಂತ ಕಾಯ್ತಿದೀನಿ."

ಆದ್ರೆ ಅಜ್ಜಿ ಬದುಕಿದಾಳೆ ಅಂದ್ರೆ ಅದಕ್ಕೆ ಕಾರಣ ಆ ಬೊಂಬೇ. ಎಚ್‌ಐವಿ ಮಾತ್ರೆಗಳು ನಮ್ಮ ಕಡೆ ಆಗಷ್ಟೇ ಬಂದಿದ್ದ ಕಾಲ. ಅಜ್ಜಿ ಗಂಡ ಅದೇ ಕಾಯಿಲೆಗೆ ಹೋಗಿದ್ದ, ಅವಳಿಗೂ ಎಚ್‌ಐವಿ, ಮೇಲೆ ಟಿಬಿ ಬೇರೆ. ಮೂಳೆ ಚಕ್ಳ ಆಗಿದ್ಲಂತೆ. ಯಾರೂ ಹತ್ರ ಬರ್ತಿರ್ಲಿಲ್ಲ. ಹಮಂದಿಶೆ ಆಗಿನ್ನೂ ಮೀಸೆ ಮೂಡ್ತಿದ್ದ ಹುಡುಗ. ಅವಳನ್ನ ತಳ್ಳೋ ಗಾಡೀಲಿ ಮಲಗಿಸ್ಕೊಂಡು, ಹಳ್ಳ ದಾಟಿಸಿ ಕ್ಲಿನಿಕ್ ಬಾಗಿಲಿಗೆ ತಂದು ನಿಲ್ಸಿ "ಸಿಸ್ಟರ್, ಗೊಬ್ಬರ ಬಂದಿದೆ, ಎಲ್ಲಿ ಸುರೀಲಿ?" ಅಂದನಂತೆ. ಅಜ್ಜಿ ಆ ಸ್ಥಿತೀಲೂ ನಕ್ಕಳಂತೆ. ಆಮೇಲೆ ಟಿಬಿ ಹೋಯ್ತು, ಮೈ ತುಂಬ್ಕೊಳ್ತು, ಈಗ ನಮ್ಮೆಲ್ರಿಗಿಂತ ದಪ್ಪ ಅವಳೇ.

ವರ್ಷಗಳಾದ್ಮೇಲೆ ಹಮಂದಿಶೆಗೂ ಅವನ ಹೆಂಡ್ತಿ ಶಾಮಿಸೋಗೂ ಅದೇ ಕಾಯಿಲೆ ಗೊತ್ತಾಯ್ತು. ನಾನಂತೂ ಹುಟ್ಟಿದಾಗಿಂದ್ಲೇ. ಹೀಗೆ ನಮ್ಮದೊಂದು ಮಾತ್ರೆ ಗುಂಪು. ಕ್ಲಿನಿಕ್ ದೂರ, ಎಲ್ರೂ ಹೋಗಿ ಸಾಲಲ್ಲಿ ನಿಂತ್ರೆ ಒಂದಿನದ ಹೊಲದ ಕೆಲಸ ಹಾಳು. ಅದಕ್ಕೆ ಗುಂಪಲ್ಲಿ ಒಬ್ರೇ ಹೋಗಿ ಎಲ್ರ ಮಾತ್ರೆ ತರೋದು. ಹೋಗೋ ಮುಂಚೆ ಅಜ್ಜಿ ಅಂಗಳದಲ್ಲಿ ಸೇರಿ ಒಬ್ಬೊಬ್ರನ್ನೂ ಕೇಳ್ಬೇಕು. ಕೆಮ್ಮು ಇದ್ಯಾ, ಜ್ವರ ಇದ್ಯಾ, ರಾತ್ರಿ ಬೆವರುತ್ತಾ, ತೂಕ ಇಳಿದಿದ್ಯಾ, ತಲೆನೋವು, ಕಣ್ಣು ಮಂಜು? ಯಾರಿಗೆ ಏನೇ ಇದ್ರೂ ಅವರೂ ಕ್ಲಿನಿಕ್‌ಗೆ ಹೋಗಲೇಬೇಕು. ಯಾಕಂದ್ರೆ ನಮ್ಮಂತೋರಿಗೆ ಮಾತ್ರೆ ನುಂಗ್ತಿದ್ರೂನೂ, ಮೈಯಲ್ಲಿ ಶಕ್ತಿ ಕುಗ್ಗಿದಾಗ ಬೇರೆ ರೋಗಗಳು ಸಂದು ನೋಡ್ಕೊಂಡು ನುಗ್ಗಿಬಿಡ್ತವೆ.

ಆ ಪ್ರಶ್ನೆ ಕೇಳೋ ಕೆಲಸ ಅಜ್ಜಿದೇ. ಅವಳು ಕೇಳಿದ್ರೆ ಅದೊಂದು ಆಟ. "ತೂಕ ಇಳಿದಿದ್ಯಾ?" ಅಂತ ನನ್ನ ಕೇಳಿ, ನನ್ನ ಸೊಂಟ ಚಿವುಟಿ, "ಇಳಿದಿಲ್ಲ, ಬೆನ್ನಿಂದ ಮುಂದಕ್ಕೆ ಬಂದಿದೆ" ಅನ್ನೋಳು. ನಾವು ಆ ದಿನಕ್ಕೆ ಕಾಯ್ತಿದ್ವಿ, ನಿಜ ಹೇಳ್ತೀನಿ.

ಆ ಚಳಿಗಾಲ ಹಮಂದಿಶೆ ಕಡೋಮಾ ಕಡೆ ಚಿನ್ನ ಅಗೆಯೋಕೆ ಹೋಗಿದ್ದ. ಅಲ್ಲಿ ಗುಂಡಿಯೊಳಗೆ ಬದುಕು, ಜೊತೆಗಿದ್ದೋರಿಗೆ ಕಾಯಿಲೆ ಗೊತ್ತಾಗಬಾರದು ಅಂತ ಮಾತ್ರೆ ಬಿಟ್ಟಿದ್ದ. ಅವನ ಪಾಲಿನ ಡಬ್ಬಿಗಳು ಅಜ್ಜಿ ಮನೆ ಪೆಟ್ಟಿಗೇಲಿ ಹಾಗೇ ಕೂತಿದ್ವು. ಅಜ್ಜಿಗೆ ಗೊತ್ತಿತ್ತು. ಶಾಮಿಸೋಗೆ ಅವನು "ಅಲ್ಲಿನ ಕ್ಲಿನಿಕ್‌ನಲ್ಲಿ ತಗೋತಿದೀನಿ" ಅಂತ ಹೇಳಿದ್ದ. ಅಜ್ಜಿ ಬಾಯಿ ಬಿಡ್ಲಿಲ್ಲ. ಸಹ್ವಿರನ ಗುಟ್ಟು ಸಹ್ವಿರನೇ ಮುಚ್ಚಬೇಕಲ್ವಾ? ಮೇಲಾಗಿ ನರ್ಸ್‌ಗೆ ಗೊತ್ತಾದ್ರೆ ಅವನನ್ನ ಗುಂಪಿಂದ ತೆಗೆದು ಪ್ರತಿ ತಿಂಗಳು ಸಾಲಲ್ಲಿ ನಿಲ್ಸೋರು. ವಾಪಸ್ ಬಂದೋನು ಮತ್ತೆ ಮಾತ್ರೆ ಶುರು ಮಾಡ್ದ. ಸರಿ ಹೋಯ್ತು ಅನ್ಕೊಂಡ್ಲು.

ಮುಂದಿನ ಸಲ ಅಂಗಳದಲ್ಲಿ ಸೇರಿದಾಗ ಹಮಂದಿಶೆ ಗೋಡೆಗೆ ಒರಗಿ ಕೂತಿದ್ದ. ಗಂಟಲು ಸರಿ ಮಾಡ್ಕೊಂಡ. ಮತ್ತೊಂದ್ಸಲ ಮಾಡ್ಕೊಂಡ.

"ಮುದುಕಿ, ತಲೆ ನೋಯ್ತಿದೆ. ಹೋಗ್ತಾನೇ ಇಲ್ಲ."

ಅಜ್ಜಿ ಅವನ ಹಣೆ ಮೇಲೆ ಬೆರಳಲ್ಲಿ ಟಕಟಕ ಬಡಿದು ಕಿವಿಗೊಟ್ಟು ಕೇಳಿದ್ಲು. "ಸುಳ್ಳು. ತಲೆ ನೋಯ್ಬೇಕಾದ್ರೆ ಒಳಗೆ ಏನಾದ್ರೂ ಇರ್ಬೇಕಲ್ಲ!"

ನಾವೆಲ್ಲ ಬಿದ್ದು ಬಿದ್ದು ನಕ್ವಿ. ಅವನೂ ನಕ್ಕ, ಒಂದು ಕಣ್ಣು ಮುಚ್ಕೊಂಡು. ಶಾಮಿಸೊ ಆವತ್ತು ತವರಿಗೆ ಹೋಗಿದ್ಲು, ಅಲ್ಲಿರ್ಲಿಲ್ಲ. ಅವನನ್ನ ಕರ್ಕೊಂಡು ಹೋದ್ರೆ ನರ್ಸ್ ರಕ್ತ ನೋಡ್ತಾರೆ, ಮಾತ್ರೆ ಬಿಟ್ಟಿದ್ದು ಹೊರಗೆ ಬರುತ್ತೆ, ಇಷ್ಟು ದಿನ ತಾನು ಮುಚ್ಚಿಟ್ಟಿದ್ದೂ ಬರುತ್ತೆ. ಅಜ್ಜಿ ಅದನ್ನ ಯೋಚ್ನೆ ಮಾಡಿದ್ಲು, ಖಂಡಿತ ಮಾಡಿದ್ಲು. ಮಾರನೇ ದಿನ ಕ್ಲಿನಿಕ್‌ನಲ್ಲಿ ಸಿಸ್ಟರ್ ಗುಂಬೊ "ಗುಂಪಿನೋರು ಹೇಗಿದಾರೆ?" ಅಂದಾಗ ಅವಳು ಹೇಳಿದ್ದು ಒಂದೇ ಮಾತು.

"ಎಲ್ರೂ ಆರಾಮ್, ಸಿಸ್ಟರ್."

ಆಮೇಲೆ ಹಮಂದಿಶೆಗೆ ವಾಂತಿ. ಬೆಳಕು ಕಂಡ್ರೆ ಆಗ್ತಿರ್ಲಿಲ್ಲ, ಕಂಬಳಿ ಹೊದ್ದು ಮೂಲೇಲಿ ಮಲಗೋನು. ಚಾವಣಿ ಮೇಲೆ ಕೆಲಸ ಮಾಡ್ತಿದ್ದಾಗ ಒಂದೇ ವಸ್ತು ಎರಡೆರಡು ಕಾಣ್ತು ಅಂತ ಇಳಿದು ಬಂದ. ಕೊನೆಗೆ ಶಾಮಿಸೋನೇ ಪಕ್ಕದೂರಿನ ವ್ಯಾನ್ ಕರೆಸಿ ದೊಡ್ಡಾಸ್ಪತ್ರೆಗೆ ಸಾಗಿಸಿದ್ಲು. ಅಜ್ಜಿನೂ ಹೋದ್ಲು, ನಾನೂ ಹೋದೆ.

ಡಾಕ್ಟರು ಬೆನ್ನಿಗೆ ಸೂಜಿ ಹಾಕಿ ನೀರು ತೆಗೀಬೇಕು ಅಂದ್ರು. ಆ ಸೂಜಿ ಹಾಕಿಸ್ಕೊಂಡೋರು ಉಳಿಯಲ್ಲ ಅಂತ ನಮ್ಮ ಕಡೆ ಹೆದರ್ತಾರೆ. ಶಾಮಿಸೊ ಬೇಡ ಅಂತ ಅತ್ಲು. ಡಾಕ್ಟರು ಚಿಕ್ಕ ವಯಸ್ಸಿನೋರು, ಪಾಪ, ಕುಕ್ಕರುಗಾಲಲ್ಲಿ ಕೂತು ಹೇಳಿದ್ರು. "ಅಮ್ಮಾ, ಸೂಜಿಯಿಂದ ಸಾಯಲ್ಲ. ಇವರ ಮಿದುಳಿನ ಪೊರೆಗೆ ಬೂಷ್ಟು ಹಿಡಿದಿದೆ. ಆ ಬೂಷ್ಟು ಮಣ್ಣಲ್ಲಿ, ಗಾಳೀಲಿ ಎಲ್ಲಾ ಕಡೆ ಇರುತ್ತೆ, ನಮ್ಮನಿಮ್ಮ ಮೂಗೊಳಗೂ ಹೋಗುತ್ತೆ. ಮೈ ಗಟ್ಟಿ ಇದ್ರೆ ಏನೂ ಮಾಡಲ್ಲ. ಇವರಿಗೆ ಶಕ್ತಿ ತೀರಾ ಇಳಿದಿದೆ. ತಲೆಯೊಳಗೆ ಒತ್ತಡ, ಆ ನೀರು ತೆಗೆದ್ರೆ ನೋವು ಇಳಿಯುತ್ತೆ."

ಹಾಗೇ ಆಯ್ತು. ಸಂಜೆ ಹೊತ್ತಿಗೆ ಹಮಂದಿಶೆ ಕಣ್ಬಿಟ್ಟ, ಗಂಜಿ ಕೇಳ್ದ, ಅಜ್ಜಿನ ನೋಡಿ ನಕ್ಕ.

"ಮುದುಕಿ, ಡಾಕ್ಟ್ರು ನೋಡಿದ್ರಂತೆ. ಒಳಗೆ ಏನೋ ಇತ್ತಂತೆ."

ನಮಗೆ ನಗು ಬಂತು. ಅಜ್ಜಿಗೆ ಬರ್ಲಿಲ್ಲ. ಅವಳು ಎದ್ದು ಹೊರಗೆ ಹೋಗಿ ನಲ್ಲಿ ಹತ್ರ ನಿಂತ್ಬಿಟ್ಳು. ಡಾಕ್ಟರು ಅದೇ ದಾರೀಲಿ ಬಂದ್ರು. ಅಜ್ಜಿ ಅವರ ಕೋಟು ಹಿಡಿದು ಕೇಳಿದ್ಲು, "ತಲೆನೋವು ಶುರುವಾದಾಗ್ಲೇ ಕರ್ಕೊಂಡು ಬಂದಿದ್ರೆ?"

"ಬೆರಳು ಚುಚ್ಚಿ ನೋಡಿದ್ರೆ ಗೊತ್ತಾಗ್ತಿತ್ತು. ಬೇಗ ಔಷಧಿ ಶುರು ಮಾಡ್ಬೋದಿತ್ತು" ಅಂದ್ರು ಅವರು. ಅವಳ ಮುಖ ನೋಡಿ, "ನಿಮಗೇನಾಗ್ಬೇಕು ಅವರು?" ಅಂತ ಕೇಳಿದ್ರು. ಅಜ್ಜಿ ಅವರ ಕೋಟು ಬಿಟ್ಟು ಒಳಗೆ ಹೋದ್ಲು.

ಮತ್ತೆ ಮತ್ತೆ ನೀರು ತೆಗೆದ್ರು, ಔಷಧಿ ಹಾಕಿದ್ರು. ಒಂದಿನ ಏಳೋನು, ಒಂದಿನ ಯಾರನ್ನೂ ಗುರುತಿಸ್ತಿರ್ಲಿಲ್ಲ. ಆ ವಾರದ ಕೊನೇಲಿ ಹೋಗ್ಬಿಟ್ಟ.

ಈಗ ಸಹ್ವಿರ ಬೇಕಲ್ಲ? ಮಣ್ಣು ಮಾಡೋ ದಿನ ಬೆಳಿಗ್ಗೆ ಅಂಗಳ ತುಂಬ ಜನ. ದೊಡ್ಡ ಪಾತ್ರೇಲಿ ಸಾಡ್ಜಾ ಮುದ್ದೆ ಬೇಯ್ತಿದೆ, ಡೋಲು ಬಾರಿಸೋರು ಬಂದಿದಾರೆ. ಎಲ್ರೂ ಅಜ್ಜಿಗೆ ಕಾಯ್ತಿದಾರೆ. ಅವಳು ಗುಡಿಸಲ ಹಿಂದೆ ಕಲ್ಲಿನ ಮೇಲೆ ಕೂತಿದ್ಲು. ಹಮಂದಿಶೆ ಅಣ್ಣ ಅವನ ಕೋಟು ತಂದು ಅವಳ ತೊಡೆ ಮೇಲೆ ಹಾಕ್ದ.

"ನನ್ನ ಕೈಲಾಗಲ್ಲ ಕಣಪ್ಪ. ಬೇರೆ ಯಾರಾದ್ರೂ ಮಾಡ್ಲಿ."

"ಬೇರೆ ಯಾರಿದಾರೆ? ನೀನು ಮಾಡದೆ ಅವನು ಹೇಗೆ ಹೋಗ್ತಾನೆ?"

ಹಾಕ್ಕೊಂಡ್ಲು. ಅಂಗಳಕ್ಕೆ ಬಂದು ಎರಡ್ಸಲ ಗಂಟಲು ಸರಿ ಮಾಡ್ಕೊಂಡ್ಲು. ಅಷ್ಟಕ್ಕೇ ಜನ ಹೋ ಅಂತ ನಕ್ರು. ಥೇಟ್ ಹಮಂದಿಶೆ! ಗೋಡೆಗೆ ಒರಗಿ, ಒಂದು ಕಣ್ಣು ಮುಚ್ಚಿ, "ಮುದುಕಿ, ತಲೆ ನೋಯ್ತಿದೆ" ಅಂದ್ಲು. ಆಮೇಲೆ ಜಿಗಿದು ಈಚೆ ಬಂದು, ಹೊಟ್ಟೆ ಮುಂದೆ ಮಾಡಿ ತಾನೇ ಆದ್ಲು. "ಒಳಗೆ ಏನಾದ್ರೂ ಇರ್ಬೇಕಲ್ಲ!" ಜನ ಚಪ್ಪಾಳೆ ಹೊಡೆದ್ರು. ಮತ್ತೆ ಅತ್ಲಾಗೆ ಹೋಗಿ ಸಿಸ್ಟರ್ ಗುಂಬೊ ಥರ ಕನ್ನಡಕ ಏರಿಸ್ಕೊಂಡು "ಗುಂಪಿನೋರು ಹೇಗಿದಾರೆ?" ಅಂದ್ಲು. ಈಚೆ ಬಂದು ಕೈ ಎತ್ತಿ, "ಎಲ್ರೂ ಆರಾಮ್, ಸಿಸ್ಟರ್!"

ನಗುವೋ ನಗು. ಡೋಲಿನವನು ತಾಳಾನೂ ಕೊಟ್ಬಿಟ್ಟ.

"ನಗಬೇಡ್ರೋ" ಅಂದ್ಲು ಅಜ್ಜಿ. "ನಿಜ ಹೇಳ್ತಿದೀನಿ. ಇವನು ಮಾತ್ರೆ ಬಿಟ್ಟಿದ್ದು ನನಗೆ ಗೊತ್ತಿತ್ತು. ತಲೆನೋವು ಅಂದಿದ್ದ. ನಾನೇ ಮುಚ್ಚಿಟ್ಟೆ. ನಾನೇ ಕೊಂದೆ."

"ಅಯ್ಯೋ, ಈ ಸಲ ತುಂಬ ಚೆನ್ನಾಗಿ ಮಾಡ್ತಿದಾಳೆ!" ಅಂದ ನನ್ನ ಹಿಂದೆ ನಿಂತಿದ್ದೋನು, ಕಣ್ಣೊರೆಸ್ಕೊಂಡು ನಗ್ತಾ.

ನಾನು ಶಾಮಿಸೊ ಕಡೆ ನೋಡ್ದೆ. ಅವಳೊಬ್ಳು ನಗ್ತಿರ್ಲಿಲ್ಲ.

ಮಣ್ಣು ಮಾಡಿ ಬಂದ್ಮೇಲೆ ಅಜ್ಜಿ ಸಿಕ್ಕಿದೋರ್ಗೆಲ್ಲ ಮತ್ತೆ ಹೇಳಿದ್ಲು, ಈ ಸಲ ಕೋಟು ಇಲ್ದೆ. ಹಮಂದಿಶೆ ಅಣ್ಣ "ಬಿಡು ಸಹ್ವಿರ, ನಿನ್ನ ಮೇಲೆ ಕೋಪ ಮಾಡ್ಕೊಂಡ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ" ಅಂತ ಬೆನ್ನು ತಟ್ಟಿದ. ಅವನ ಚಿಕ್ಕಮ್ಮ ಕೋಳಿ ಕೊಟ್ಟು ಕಳ್ಸಿದ್ಲು. ಸಿಸ್ಟರ್ ಗುಂಬೊ ಹತ್ರ ಹೋಗಿ ಹೇಳಿದ್ರೆ ಅವರು ಬಯ್ದ್ರು, ನಿಜ, ಆದ್ರೆ ಬಯ್ದು ಆದ್ಮೇಲೆ "ನೀವೂ ಊಟ ಮಾಡಿ ಅಜ್ಜಿ, ಇಳಿದೋಗಿದೀರ" ಅಂತ ಕೈ ಹಿಡ್ಕೊಂಡ್ರು. ಅಜ್ಜಿ ವಾಪಸ್ ಬರ್ತಾ ನನಗಂದ್ಲು, "ಒಬ್ರೂ ಹೊಡೀತಿಲ್ಲ ಕಣೆ ಕೂಸೆ. ಒಬ್ರೂ ಉಗೀತಿಲ್ಲ. ನಾನೇನ್ ಮಾಡ್ಲಿ?" ತಳ್ಳೋ ಗಾಡಿ ಕಥೆ ನೆನಪು ಮಾಡ್ಕೊಂಡು ಅಷ್ಟುದ್ದ ದಾರಿ ಅತ್ಲು. ನಾನು ಪಕ್ಕದಲ್ಲೇ ನಡೆದೆ, ನಾನೂ ಆವತ್ತು ನಕ್ಕೋಳೇ ತಾನೆ.

ಗುಂಪು ಮತ್ತೆ ಸೇರೋ ದಿನ ಬಂತು. ಈ ಸಲ ಅಜ್ಜಿ ಅಂಗಳ ಬೇಡ, ನಮ್ಮನೇಲಿ ಅಂತ ಶಾಮಿಸೊ ಹೇಳಿ ಕಳ್ಸಿದ್ಲು. ಪ್ರಶ್ನೆ ಕೇಳೋಳೂ ಅವಳೇ. ಯಾವ ತಮಾಷೆನೂ ಇಲ್ಲ. ಒಬ್ಬೊಬ್ರ ಮುಂದೆ ಕೂತು, ಮುಖ ನೋಡಿ, ಮೆತ್ತಗೆ ಕೇಳ್ತಾ ಬಂದ್ಲು. ನನಗೆ ಸ್ವಲ್ಪ ಕೆಮ್ಮು ಇತ್ತು, ಹೇಳ್ದೆ. "ನಾಳೆ ನನ್ ಜೊತೆ ಬಾ" ಅಂದ್ಲು.

ಆಮೇಲೆ ಅಜ್ಜಿ. ಶಾಮಿಸೊ ಅವಳ ಮುಂದೆ ಕೂತ್ಲು.

"ಕೆಮ್ಮು?"

"ಇಲ್ಲ."

"ಜ್ವರ?"

"ಇಲ್ಲ."

"ರಾತ್ರಿ ಬೆವರುತ್ತಾ?"

"ಬೆವರಲ್ಲ ಸಹ್ವಿರ. ನಿದ್ದೆನೇ ಬರಲ್ಲ."

ಶಾಮಿಸೊ ಅವಳನ್ನೇ ನೋಡಿದ್ಲು. ಕಣ್ಣು ಕೆಂಪಾಯ್ತು.

"ನಿನಗೆ ನಿದ್ದೆ ಬರೋದೂ ಬೇಡ, ಎನರೆಸಿ" ಅಂದ್ಲು.

ಸಹ್ವಿರ ಅಂತ ಕರೀಲಿಲ್ಲ, ಅಜ್ಜಿ ಅಂತಾನೂ ಅನ್ಲಿಲ್ಲ. ಬರೀ ಹೆಸ್ರು. ಕೂತಿದ್ದೋರೆಲ್ಲ ಬಾಯಿ ಮೇಲೆ ಕೈ ಇಟ್ಕೊಂಡ್ವಿ. ಅಜ್ಜಿ ಮಾತ್ರ ತಲೆ ಬಗ್ಗಿಸಿ, ನಮ್ಮಲ್ಲಿ ದೊಡ್ಡೋರ ಕೈಯಿಂದ ಏನಾದ್ರೂ ಇಸ್ಕೊಳ್ಳೋವಾಗ ಉಪಕಾರ ಆಯ್ತು ಅಂತ ಮಾಡೋ ಹಾಗೆ, ಎರಡೂ ಅಂಗೈ ಸೇರಿಸಿ ಮೆಲ್ಲಗೆ ತಟ್ಟಿದ್ಲು. ಶಾಮಿಸೊ ಮುಂದಿನೋರ ಹತ್ರ ಸರಿದ್ಲು.