ಝುಬೇರನ ಬ್ಯಾಂಡ್ ನಡುವೆ ನಿಲ್ಲಿಸಿದ ಹಾಡು

ನಮ್ಮ ಪಕ್ಕದ ಮನೆಯ ಝುಬೇರ್ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟರ್. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ವರ್ಷಗಟ್ಟಲೆ ಹಾಡಿದ ಸ್ಕಾಟ್ಲೆಂಡಿನ ಬ್ಯಾಂಡೊಂದನ್ನು ಮೊಬೈಲಿನಲ್ಲಿ ಕೇಳುತ್ತಲೇ ಅವನು ಗಿಟಾರ್ ಕಲಿತ. ಗೆಳೆಯ ಹನುಮಂತರಾಜು ಡ್ರಮ್ಸ್ ಹಿಡಿದ, ಇಬ್ಬರೂ ಬ್ಯಾಂಡ್ ಕಟ್ಟಿದರು. ಮಸೀದಿ ಪಕ್ಕದ ಮಹಡಿಯಲ್ಲಿ ಅಭ್ಯಾಸ; ಅಜಾನ್ ಕೇಳಿಸಿದರೆ ಮುಗಿಯುವವರೆಗೂ ಸುಮ್ಮನಿರುತ್ತಿದ್ದರು.

ಈ ವರ್ಷ ತುಮಕೂರಿನಲ್ಲಿ ಬ್ಯಾಂಡ್‌ಗಳ ಸ್ಪರ್ಧೆಯಿತ್ತು. ಗೆದ್ದವರ ಹಾಡನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸುತ್ತಿದ್ದರು. ಇವರ ಹಾಡಿನ ನಡುವೆ ದೂರದಲ್ಲಿ ಅಜಾನ್ ಶುರುವಾಯಿತು. ಹನುಮಂತರಾಜುವೇ ಮೊದಲು ಕೈ ನಿಲ್ಲಿಸಿದ. ಅಜಾನ್ ಮುಗಿಯುವಷ್ಟರಲ್ಲಿ ಇವರಿಗೆ ಕೊಟ್ಟಿದ್ದ ಸಮಯವೂ ಮುಗಿದಿತ್ತು.

“ಸ್ಟುಡಿಯೋ ಹೋಯ್ತಲ್ಲೋ. ನೀನ್ಯಾಕ್ಲಾ ನಿಲ್ಸ್ದೆ?” ಎಂದ ಝುಬೇರ್.

“ಕೈ ತಾನೇ ನಿಲ್ತು ಕಣೋ. ನೀನೇ ಕಲ್ಸಿದ್ ಅಭ್ಯಾಸ, ಈಗ ಬಯ್ತೀಯ?”

ಮುಂದಿನ ವರ್ಷದ ಸ್ಪರ್ಧೆಗೆ ಇಬ್ಬರೂ ಆಗಲೇ ಹೆಸರು ಕೊಟ್ಟಿದ್ದಾರೆ. ನಮಾಜ್ ಆದಮೇಲಿನ ಹೊತ್ತನ್ನು ಕೇಳಿಕೊಂಡಿದ್ದಾರೆ.