ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಗಾಡಿ

ಮಾಮ ಆಟೋ ಎಲೆಕ್ಟ್ರಿಷಿಯನ್. ಅಮ್ಮನ ಬೆನ್ನಿಗೆ ಹುಟ್ಟಿದ ಒಬ್ಬನೇ ತಮ್ಮ. ಎಲ್ಲರೂ ಅವನನ್ನು 'ಮೀಟರ್' ಎಂದೇ ಕರೆಯುತ್ತಿದ್ದರು. ವೋಲ್ಟು ಅಳೆಯುವ ಮೀಟರ್ ಹಚ್ಚಿ ನೋಡದೆ ಯಾರ ಮಾತನ್ನೂ ನಂಬುವ ಜಾಯಮಾನ ಅವನದಲ್ಲ. ಬ್ಯಾಟರಿ ಹೋಗಿದೆ ಎಂದು ಯಾರಾದರೂ ಗಾಡಿ ತಂದರೆ, "ನೀವು ಹೇಳ್ಬೇಡಿ, ಅದೇ ಹೇಳುತ್ತೆ" ಎನ್ನುತ್ತಿದ್ದ.

ಅಮ್ಮ ಶಾಲೆಯ ಬಸ್ಸು ಓಡಿಸುತ್ತಾಳೆ. ವಾರವಿಡೀ ಮಕ್ಕಳನ್ನು ಕೂರಿಸಿಕೊಂಡು ಮೂವತ್ತರ ವೇಗ ದಾಟದ ಹೆಂಗಸು, ತಿಂಗಳಿಗೊಂದು ಭಾನುವಾರ ಹೆಲ್ಮೆಟ್ ಹಾಕಿಕೊಂಡು ರೇಸಿಗೆ ಇಳಿಯುತ್ತಿದ್ದಳು. ದೊಡ್ಡ ರೇಸೇನಲ್ಲ, ಹವ್ಯಾಸಿಗಳದ್ದು. ಹಲ್ಲಿನ ಡಾಕ್ಟರು, ಬೇಕರಿಯಾಕೆ, ಇಬ್ಬರು ಮೇಷ್ಟ್ರು, ಎಲ್ಲರದ್ದೂ ಹಳೆಯ ಸಣ್ಣ ಕಾರುಗಳು. ನಿಯಮ ಮಾತ್ರ ಬಿಗಿ. ಎಂಜಿನ್, ಸ್ಟಾರ್ಟರ್ ಮೋಟಾರ್ ಅಂದರೆ ಸೆಲ್ಫ್, ಎರಡೂ ಕಾರಿನ ಜೊತೆ ಬಂದದ್ದೇ ಆಗಿರಬೇಕು. ಬ್ಯಾಟರಿ ತನ್ನ ಜಾಗ ಬಿಟ್ಟು ಕದಲುವಂತಿಲ್ಲ. ರೇಸು ಹೊರಡುವ ಸಾಲಿನಲ್ಲಿ ನಿಂತ ಮೇಲೆ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುವಂತಿಲ್ಲ, ಹೊರಗಿನ ಬ್ಯಾಟರಿ ಮುಟ್ಟಿಸುವಂತಿಲ್ಲ. ಆ ನಿಯಮದ ಪುಸ್ತಕ ಮಾಮನಿಗೆ ಬಾಯಿಪಾಠ. ಟೈರಿನ ಗಾಳಿ, ಸುತ್ತಿನ ಸಮಯ ನೋಡುವುದು ನನ್ನ ಪಾಲಿನ ಕೆಲಸ.

ಆ ವರ್ಷ ಅಮ್ಮನ ಗಾಡಿ ಹೊಸ ಚಾಳಿ ಕಲಿಯಿತು. ಬೆಳಿಗ್ಗೆ ತಣ್ಣಗಿದ್ದಾಗ ಕೀ ಮುಟ್ಟಿದರೆ ಸಾಕು, ಸ್ಟಾರ್ಟ್. ಅರ್ಹತಾ ಸುತ್ತು ಮುಗಿಸಿ ಬಂದು, ಎಂಜಿನ್ ಕಾದಿರುವಾಗ ಆಫ್ ಮಾಡಿದರೋ, ಮುಗಿಯಿತು ಕತೆ. ಒಂದು 'ಟಕ್', ಆಮೇಲೆ ನಿದ್ದೆಯಿಂದ ಎಬ್ಬಿಸಿದವರ ಹಾಗೆ ಸೆಲ್ಫ್ ಅರ್ಧ ಸುತ್ತು ತಿರುಗಿ ಸುಮ್ಮನಾಗುತ್ತಿತ್ತು. ಅರ್ಧ ಗಂಟೆ ಆರಿದರೆ ಮತ್ತೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್.

ಮಾಮ ಸೆಲ್ಫ್ ಬಿಚ್ಚಿ ಅದರೊಳಗೆ ಕರೆಂಟು ದಾಟಿಸುವ ಬ್ರಷ್ ಬದಲಿಸಿದ. ಹೊಗೆ ಪೈಪಿನ ಕಾವು ಅದಕ್ಕೆ ತಾಗುತ್ತಿದೆಯೆಂದು ನಡುವೆ ಒಂದು ತಗಡು ಕೊಡಲು ರೇಸಿನ ತಪಾಸಕರನ್ನು ಕೇಳಿ, ಒಪ್ಪಿಗೆಯನ್ನು ಬರೆಸಿಕೊಂಡೇ ತಗಡು ಕೂರಿಸಿದ. ಅದೇ ಅಳತೆಯ ಹೊಸ ಬ್ಯಾಟರಿ ಇಟ್ಟ. ಅದರಿಂದ ಸೆಲ್ಫಿಗೆ ಹೋಗುವ ದಪ್ಪ ವೈರನ್ನೂ ಬದಲಿಸಿದ. ಅವನ ಶೆಡ್ಡಿನಲ್ಲಿ ಪ್ರತಿ ಸಲವೂ ಸ್ಟಾರ್ಟ್ ಆಗುತ್ತಿತ್ತು. ಟ್ರ್ಯಾಕಿನಲ್ಲಿ ಕೈಕೊಡುತ್ತಿತ್ತು.

"ನೀನು ಬಣ್ಣ ಹೊಡೆದ ಮೇಲೇ ಕಣೋ ಇದು ಶುರುವಾಗಿದ್ದು," ಅಂದಳು ಅಮ್ಮ ಒಂದು ದಿನ. ಸೀಸನ್ ಶುರುವಾಗುವ ಮೊದಲು ಮಾಮ ಬಾನೆಟ್ಟಿನ ಒಳಗನ್ನೆಲ್ಲ ಉಜ್ಜಿ, ಮನಸಾರೆ ಎರಡು ಕೋಟ್ ಬಳಿದಿದ್ದ.

ಮಾಮ ಬಿದ್ದು ಬಿದ್ದು ನಕ್ಕ. "ಬಣ್ಣ ಬಳಿದ್ರೆ ಸ್ಟಾರ್ಟ್ ಆಗಲ್ಲ ಅನ್ನೋದಾದ್ರೆ, ಲಿಪ್‌ಸ್ಟಿಕ್ ಹಚ್ಚಿದ ದಿನ ನಿನ್ನ ಬಾಯಿನೂ ಸ್ಟಾರ್ಟ್ ಆಗ್ಬಾರದಿತ್ತಲ್ಲಕ್ಕಾ!"

ನಾನೂ ನಕ್ಕೆ. ಅಮ್ಮನೂ ನಕ್ಕಳು. ಮಾತು ಅಲ್ಲಿಗೇ ಬಿತ್ತು.

ಅಷ್ಟರಲ್ಲಿ ಅಮ್ಮನ ಬಲ ಮಣಿಕಟ್ಟಿಗೆ ಪಟ್ಟಿ ಬಂದಿತ್ತು, ಉದ್ದ ತೋಳಿನೊಳಗೆ ಅದನ್ನು ಮುಚ್ಚಿಡುತ್ತಿದ್ದಳು. ಕೀಲು ಸವೆದಿದೆ, ಪವರ್ ಸ್ಟೀರಿಂಗಿನ ಬಸ್ಸು ಪರವಾಗಿಲ್ಲ, ಈ ಸೀಸನ್ ಮುಗಿದರೆ ರೇಸು ಸಾಕು ಎಂದಿದ್ದರು ಮೂಳೆ ಡಾಕ್ಟರು. "ನಿಮ್ಮ ಮಾಮಂಗೆ ಹೇಳ್ಬೇಡ ಕಣೇ. ಆ ಗಾಡಿ ಮೇಲೆ ಜೀವ ಇಟ್ಕೊಂಡಿದಾನೆ. ಸೀಸನ್ ಮುಗೀಲಿ," ಎಂದು ನನ್ನ ಬಾಯಿ ಕಟ್ಟಿದ್ದಳು. ನಾನು ಹೇಳಲಿಲ್ಲ. ಹೇಳಬೇಕಿತ್ತು.

ಕೊನೆಯ ರೇಸಿನ ದಿನ ಅರ್ಹತಾ ಸುತ್ತು ಮುಗಿದಾಗ ಅಮ್ಮನಿಗೆ ಸಾಲಿನಲ್ಲಿ ಮೂರನೆಯ ಜಾಗ ಸಿಕ್ಕಿತು. ಒಂಬತ್ತು ವರ್ಷಗಳಲ್ಲಿ ಅವಳು ಅಷ್ಟು ಮುಂದೆ ನಿಂತದ್ದೇ ಇಲ್ಲ. ಸುತ್ತು ಮುಗಿಸಿದ ಬಿಸಿಯಲ್ಲೇ ಸಾಲಿಗೆ ಬಂದು, ಎಂಜಿನ್ ಆಫ್ ಮಾಡಿ ಕಾಯಬೇಕು. ಇನ್ನು ಐದು ನಿಮಿಷ ಎನ್ನುವ ಫಲಕ ಬಂದಾಗ ಡ್ರೈವರು ಕೂತಲ್ಲೇ ಸ್ಟಾರ್ಟ್ ಮಾಡಬೇಕು. ಫಲಕ ಬಂತು. ಸುತ್ತಲೂ ಗಾಡಿಗಳು ಗುಡುಗಿದವು. ನಮ್ಮದು 'ಟಕ್' ಅಂದಿತು.

ಪಕ್ಕದಲ್ಲಿ ನಿಂತಿದ್ದ ಹಲ್ಲಿನ ಡಾಕ್ಟರ ಗಾಡಿಯ ಮೆಕ್ಯಾನಿಕ್ ಕೈಯಲ್ಲಿ ಚಿಕ್ಕ ಬ್ಯಾಟರಿ ಹಿಡಿದು ಓಡಿಬಂದ. "ತಪಾಸಕರು ಆ ಕಡೆ ತಿರುಗಿದಾರೆ. ಎರಡು ಸೆಕೆಂಡು ಮುಟ್ಟಿಸಿ ಸಾರ್, ಯಾರಿಗೆ ಗೊತ್ತಾಗುತ್ತೆ?"

ಮಾಮ ತಲೆಯಾಡಿಸಿದ. ಒಳಗಿಂದ ಅಮ್ಮನೂ, "ಬೇಡಪ್ಪ," ಅಂದಳು.

ಮತ್ತೆ ಕೀ ತಿರುಗಿಸಿದಳು. ಟಕ್. ಆಗ ಮಾಮ ಕಿಟಕಿಗೆ ಬಗ್ಗಿದ. ಅವನ ಮುಖ ಕೆಂಪಾಗಿತ್ತು.

"ಕೀನ ಗಟ್ಟಿಯಾಗಿ ಹಿಡ್ಕೊಂಡು ತಿರುಗ್ಸೋಕೂ ಆಗಲ್ವಾ ನಿನ್ನ ಕೈಲಿ? ಆಗಲ್ಲ ಅಂದ್ರೆ ಮನೇಲಿ ಕೂತ್ಕೋಬೇಕಕ್ಕಾ!"

ಹತ್ತಿರ ನಿಂತವರಿಗೆಲ್ಲ ಕೇಳಿಸಿತು. ಅಮ್ಮ ಬಲಗೈ ಮೇಲೆ ಎಡಗೈ ಇಟ್ಟು, ಎರಡೂ ಕೈಯಿಂದ ಇನ್ನೊಮ್ಮೆ ತಿರುಗಿಸಿದಳು. ಆಗಲಿಲ್ಲ. ಟ್ರ್ಯಾಕ್ ಕಾಯುವ ಬಾವುಟದವರು ಬಂದು ಗಾಡಿಯನ್ನು ಸಾಲಿನಿಂದ ಆಚೆ ತಳ್ಳಿದರು. ಅಮ್ಮ ಹೆಲ್ಮೆಟ್ ತೆಗೆಯದೆ ಒಳಗೇ ಕೂತು, ಉಳಿದವರ ರೇಸು ಪೂರ್ತಿ ನೋಡಿದಳು.

ಸಾಮಾನು ತುಂಬುವಾಗ ನಾನು ಮಾಮನಿಗೆ ಎಲ್ಲ ಹೇಳಿಬಿಟ್ಟೆ. ಕೈ ವಿಷಯ, ಡಾಕ್ಟರು ಅಂದದ್ದು, ಇದೇ ಕೊನೆಯ ರೇಸು ಅನ್ನುವುದು. ಮಾಮ ಜ್ಯಾಕನ್ನು ಹಾಗೇ ಕೆಳಗಿಟ್ಟ. "ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ. ನಾನು ಜ್ಯಾಕನ್ನು ಎತ್ತಿ ಸಾಮಾನಿನ ಜೊತೆ ಇಟ್ಟೆ.

ಮುಂದಿನ ಭಾನುವಾರ ಅವನು ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ಎಂಜಿನ್ನನ್ನು ಒಂದು ಗಂಟೆ ಓಡಿಸಿ, ಚೆನ್ನಾಗಿ ಕಾಯಿಸಿ, ಆಫ್ ಮಾಡಿ, ಆಮೇಲೆ ಮೀಟರ್ ಹಚ್ಚಿದ. ಈ ಸಲ ಕರೆಂಟು ಹೋಗುವ ದಾರಿಗಲ್ಲ, ವಾಪಸು ಬರುವ ದಾರಿಗೆ: ಒಂದು ಮೊನೆ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿಗೆ. ನಾನು ಕೀ ತಿರುಗಿಸಿದೆ. ಹನ್ನೆರಡರಲ್ಲಿ ಎರಡೂವರೆ ವೋಲ್ಟು ನಡುದಾರಿಯಲ್ಲೇ ಸೋರಿಹೋಗುತ್ತಿತ್ತು. ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಕಟ್ಟುವ ಅರ್ಥ್ ವೈರಿನ ಬೋಲ್ಟು ಬಿಚ್ಚಿ ನೋಡಿದರೆ ಅಡಿಯಲ್ಲಿ ಅವನೇ ಬಳಿದ ಎರಡು ಕೋಟ್ ಬಣ್ಣ. ತಣ್ಣಗಿದ್ದಾಗ ಬಣ್ಣ ದಾಟಿ ಬಂದಷ್ಟು ಕರೆಂಟು ಹೇಗೋ ಸಾಲುತ್ತಿತ್ತು. ಕಾದ ಸೆಲ್ಫಿಗೆ ಸಾಲುತ್ತಿರಲಿಲ್ಲ. ಅವನು ಎಲ್ಲವನ್ನೂ ಅನುಮಾನಿಸಿದ್ದ, ತಾನು ಬಿಗಿದ ಬೋಲ್ಟೊಂದನ್ನು ಬಿಟ್ಟು. ಬಣ್ಣ ಕೆರೆದು ಅದರಡಿಯ ತಗಡು ಹೊಳೆಯುವಂತೆ ಮಾಡಿದ. ಹತ್ತು ನಿಮಿಷದ ಕೆಲಸ, ಯಾವ ನಿಯಮವೂ ಅಡ್ಡಬರದ ಕೆಲಸ. ಕೀ ಮುಟ್ಟುತ್ತಲೇ ಸ್ಟಾರ್ಟ್ ಆಯಿತು. ಅವನು ಕೈಸನ್ನೆ ಮಾಡಿ ಆಫ್ ಮಾಡಿಸಿದ.

ಸಂಜೆ ಮನೆಗೆ ಬಂದ. "ಅಕ್ಕಾ, ನೀನು ಹೇಳಿದ್ದೇ ಸರಿ. ಬಣ್ಣಾನೇ."

"ಹೌದಾ? ಸಿಕ್ತಲ್ಲ, ಬಿಡು," ಅಂದಳು ಅಮ್ಮ, ಬಟ್ಟೆ ಮಡಿಸುತ್ತ.

ಅವನಿಗೆ ಬೈಸಿಕೊಳ್ಳಬೇಕಿತ್ತು. ಅವಳು ಬೈಯಲಿಲ್ಲ. ಬಣ್ಣದ ಮಾತು ಮುಗಿಯಿತು. ಕಿಟಕಿಯ ಬಳಿ ಆಡಿದ ಮಾತನ್ನು ಅವನು ಎತ್ತಲಿಲ್ಲ.

ಈಗ ಆ ಗಾಡಿಯನ್ನು ಬೇಕರಿಯಾಕೆ ಓಡಿಸುತ್ತಾಳೆ. ಅಮ್ಮ ಮೂರನೆಯ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುತ್ತಾಳೆ. ಯಾರದಾದರೂ ಗಾಡಿ ಸ್ಟಾರ್ಟ್ ಆಗದಿದ್ದರೆ ಮಾಮ, "ಯಾವಾಗಿಂದ ಹೀಗೆ? ಅದಕ್ಕೆ ಮುಂಚೆ ಏನು ಬದಲಾಯ್ಸಿದ್ರಿ?" ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಸುಮ್ಮನೆ ನಿಂತಿರುತ್ತಾನೆ. ಅವತ್ತು ಬ್ಯಾಟರಿ ಮುಟ್ಟಿಸಿದ್ದಿದ್ದರೆ ಎಂದು ಹಲ್ಲಿನ ಡಾಕ್ಟರು ಇವತ್ತಿಗೂ ಕೆಣಕುತ್ತಾರೆ. "ಅದಕ್ಕೆ ನಂಗೆ ಬೇಜಾರಿಲ್ಲ ಡಾಕ್ಟ್ರೇ," ಎನ್ನುತ್ತಾನೆ, ಅಷ್ಟೇ.

ಹೋದ ತಿಂಗಳು ಮೂವರೂ ಅವನ ವ್ಯಾನಿನಲ್ಲಿ ಟ್ರ್ಯಾಕಿನಿಂದ ವಾಪಸು ಬರುತ್ತಿದ್ದೆವು. ಮಾಮ ಇದ್ದಕ್ಕಿದ್ದಂತೆ, "ಅಕ್ಕಾ, ಅವತ್ತು ನಾನು ಹಾಗೆ..." ಎಂದು ಶುರುಮಾಡಿದ.

"ಮುಂದೆ ಲಾರಿ ನಿಂತಿದೆ, ನೋಡು," ಅಂದಳು ಅಮ್ಮ.

ಅವನು ಬ್ರೇಕ್ ಹಾಕಿದ. ಲಾರಿ ಕದಲುವಷ್ಟರಲ್ಲಿ ಅಮ್ಮ ಶಾಲೆಯ ಹೊಸ ವೇಳಾಪಟ್ಟಿಯ ಮಾತು ತೆಗೆದಿದ್ದಳು. ಮನೆ ಬಂದಾಗ ಮಾಮ ಅವಳ ಬ್ಯಾಗನ್ನು ಬಾಗಿಲವರೆಗೆ ತಂದಿಟ್ಟ.

"ಊಟ ಮಾಡ್ಕೊಂಡು ಹೋಗೋ."

"ಇನ್ನೊಂದಿನ ಬರ್ತೀನಕ್ಕಾ," ಎಂದು ಮೆಟ್ಟಿಲಿಳಿದ.